ಮೀನಿಲ್ಲದ ತಿಂಗಳ ಮಾರ್ಕು

ಕಾಸರಕೋಡಿನ ದೋಣಿ ಮಾಲೀಕರ ಸಂಘದವರು ತನಗೆ ಹೊದಿಸಲು ಶಾಲು ತಂದಿಟ್ಟಿದ್ದಾರೆಂದು ರಂಜಿತಾಳಿಗೆ ಗೊತ್ತಾದದ್ದು ಸಭೆಯ ಬಾಗಿಲಲ್ಲಿ. ಅವಳು ಬಂದದ್ದು ಮೂರು ತಿಂಗಳ ಸೇವಾ ವರದಿ ಓದಲಿಕ್ಕೆ. ಕುಮಟೆಯ ಸಣ್ಣದೊಂದು ಕಂಪನಿಯಲ್ಲಿ ಅವಳಿಗೆ ಕೆಲಸ. ಸಂಘದ ಮೀನು ಹರಾಜಿಗೆ ಮೊಬೈಲ್ ಆ್ಯಪ್ ಮಾಡಿಕೊಟ್ಟದ್ದು ಅದೇ ಕಂಪನಿ. ನೂರಕ್ಕೆ ತೊಂಬತ್ತೊಂಬತ್ತೂವರೆ ಪಾಲು ಹೊತ್ತು ಆ್ಯಪ್ ನಿಲ್ಲದೆ ಓಡುತ್ತದೆ ಎಂದು ಒಪ್ಪಂದದಲ್ಲಿ ಗ್ಯಾರಂಟಿ ಇತ್ತು. ಲೆಕ್ಕ ತೊಂಬತ್ತೊಂಬತ್ತು ಪಾಯಿಂಟ್ ಏಳು ಬಂದಿತ್ತು.

ಅದನ್ನು ಹಿಂದಿನ ಸಂಜೆ ಮನೆಯಲ್ಲಿ ಬಾಯಿಬಿಟ್ಟದ್ದೇ ತಪ್ಪಾಯಿತು. ನಮ್ಮ ಜಿಲ್ಲೆಯಲ್ಲಿ ನೂರರ ಹತ್ತಿರದ ಅಂಕಿಗೆ ಇರುವುದು ಒಂದೇ ಅರ್ಥ. ಹತ್ತನೇ ತರಗತಿಯ ಫಲಿತಾಂಶದ ವಾರ ಹೊನ್ನಾವರದ ಬಸ್ಸು ಹತ್ತಿದರೆ, ಯಾರ ಮಗಳಿಗೆ ಎಷ್ಟು ಎಂಬುದು ಟಿಕೆಟ್ ಹರಿಯುವ ಮೊದಲೇ ತಿಳಿದುಹೋಗುತ್ತದೆ. ರಂಜಿತಾಳ ತಾಯಿ ಹೊನ್ನಮ್ಮ ಬೆಳಗಿನ ರೈಲಿಗೆ ಕುಮಟೆಗೆ ಮೀನು ಮಾರಲು ಹೋಗುವವಳು. ಮಗಳಿಗೆ ತೊಂಬತ್ತೊಂಬತ್ತು ಪಾಯಿಂಟ್ ಏಳು ಬಂತೆಂದು ರೈಲಿನ ಡಬ್ಬಿ ತುಂಬ ಹೇಳಿದಳು. ಯಾವ ಪರೀಕ್ಷೆ ಎಂದು ಒಬ್ಬರೂ ಕೇಳಲಿಲ್ಲ. ಮಧ್ಯಾಹ್ನಕ್ಕೆ ಶಾಲು ಬಂತು.

ಒಪ್ಪಂದ ಈ ಸಭೆಯಲ್ಲಿ ಮುಂದುವರಿದರೆ ರಂಜಿತಾಳ ಕೆಲಸ ಕಾಯಂ ಆಗುವುದಿತ್ತು. ಅಂಕಿ ಓದಿ, ಸಹಿ ಹಾಕಿಸಿಕೊಂಡು ಬಾ, ಹೆಚ್ಚು ಮಾತು ಬೇಡ ಎಂದು ಮ್ಯಾನೇಜರ್ ಮಹಾಗಣಪತಿ ಹೇಳಿ ಕಳಿಸಿದ್ದ.

ಮಾತಾಡದಿದ್ದರೆ ಎಲ್ಲವೂ ಸಸೂತ್ರ. ಆದರೆ ಆ ಮೂರು ತಿಂಗಳು ಎಂದರೆ ಜೂನ್, ಜುಲೈ, ಆಗಸ್ಟ್. ಮೊದಲೆರಡು ತಿಂಗಳು ಮೀನುಗಾರಿಕೆಗೆ ನಿಷೇಧ. ದೋಣಿಗಳು ದಡದಲ್ಲಿ ಹೊದ್ದು ಮಲಗಿದ್ದವು, ಆ್ಯಪ್ ಮಾತ್ರ ಕಣ್ಣು ಮಿಟುಕಿಸದೆ ಓಡಿತ್ತು, ಯಾರಿಗೂ ಬೇಡವಾಗಿ. ಅದು ನಿಂತದ್ದು ಆಗಸ್ಟಿನಲ್ಲಿ ಒಂದೇ ಒಂದು ಸಲ, ಮೊದಲ ಬಂಗಡೆ ಬಂದ ದಿನ, ಬೆಳಕು ಹರಿದಾಗಿನಿಂದ ಮಧ್ಯಾಹ್ನದವರೆಗೆ. ಮೊಬೈಲಿಗೆ ಸಿಗ್ನಲ್ ಇಲ್ಲವೆಂದೇ ಎಲ್ಲರೂ ಅಂದುಕೊಂಡರು. ಹರಾಜು ಮುಗಿಯದೆ ಬುಟ್ಟಿ ಎತ್ತುವಂತಿಲ್ಲ. ಹೊನ್ನಮ್ಮನಿಗೆ ರೈಲು ತಪ್ಪಿತು, ಮೀನು ಮೆತ್ತಗಾಯಿತು. ಕೊನೆಗೆ ತೆಂಗಿನ ಬುಡಕ್ಕೆ ಸುರಿದು, ಈ ವರ್ಷದ ಬಿಸಿಲೇ ಸರಿಯಿಲ್ಲ ಎಂದು ಸೂರ್ಯನಿಗೆ ಬೈದಿದ್ದಳು.

ಈಗ ಅದೇ ಹೊನ್ನಮ್ಮ ಮದುವೆಗೆ ಉಡುವ ಸೀರೆ ಉಟ್ಟು ಎದುರಿನ ಸಾಲಿನಲ್ಲಿ ಕೂತಿದ್ದಳು. ಅಧ್ಯಕ್ಷ ಮಾಸ್ತಿ ಶಾಲು ಬಿಡಿಸತೊಡಗಿದ. ರಂಜಿತಾಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಆದರೂ ಎದ್ದು ನಿಂತಳು.

"ಇದು ಮೀನಿಲ್ಲದ ತಿಂಗಳನ್ನೂ ಸೇರ್ಸಿದ ಮಾರ್ಕು," ಎಂದಳು. "ಮೊದಲ ಬಂಗಡೆ ಬಂದ ದಿನ ಹರಾಜು ನಿಂತದ್ದು ನಮ್ಮಿಂದ. ಮೀನು ಕೆಟ್ಟದ್ದು ಬಿಸಿಲಿಂದಲ್ಲ, ಅಮ್ಮ."

ಮಾಸ್ತಿ ಬಿಡಿಸಿದ ಶಾಲನ್ನು ಕೈಯಲ್ಲೇ ಹಿಡಿದು ಕೇಳಿದ. "ಹಂಗಾರೆ ಆ ದಿನದ ಮಾರ್ಕು ಎಷ್ಟು?"

"ಸೊನ್ನೆ."

"ಆತು," ಎಂದ ಮಾಸ್ತಿ. "ಶಾಲು ತಂದಾಗಿದೆ. ಅಂಗಡಿಯವ ವಾಪಸ್ ತಕಣೂದಿಲ್ಲ."

ಹೊದಿಸಿಯೇಬಿಟ್ಟ. ಚಪ್ಪಾಳೆಯೂ ಬಿತ್ತು, ಸ್ವಲ್ಪ ಕಡಿಮೆ. ದೋಣಿ ಕಡಲಿಗಿಳಿಯುವ ತಿಂಗಳುಗಳನ್ನಷ್ಟೇ ಲೆಕ್ಕ ಹಿಡಿಯಬೇಕೆಂದು ಒಪ್ಪಂದದಲ್ಲಿ ಬರೆಸಿ ಸಂಘದವರು ಸಹಿ ಹಾಕಿದರು. ಅದನ್ನು ಕೇಳಿದ ಮಹಾಗಣಪತಿ, ಕಾಯಂ ಮಾಡುವುದನ್ನು ಮುಂದಿನ ವರ್ಷ ನೋಡುವ ಎಂದು ಫೋನ್ ಇಟ್ಟ. ಮನೆಯಲ್ಲಿ ಹೊನ್ನಮ್ಮ ಗಂಜಿ ಬಡಿಸಿ, ಮದುವೆಯ ಸೀರೆಯನ್ನು ಮಡಚಿ ಪೆಟ್ಟಿಗೆಗೆ ಹಾಕಿದಳು.

ಮರುದಿನ ತಾಯಿ ಮಗಳು ಒಂದೇ ರೈಲು ಹತ್ತಿದರು. ಎದುರು ಕೂತ ಮೀನಿನ ಹೆಂಗಸು, ಮಾರ್ಕಿನ ಹುಡುಗಿ ಇವಳೆಯಾ ಎಂದು ಕೇಳಿದಳು. ರಂಜಿತಾ ಕಿಟಕಿಯ ಕಡೆ ಮುಖ ತಿರುಗಿಸಿದಳು. ಹೊನ್ನಮ್ಮ ಬುಟ್ಟಿಯನ್ನು ಕಾಲಿನಿಂದ ಸೀಟಿನ ಕೆಳಗೆ ತಳ್ಳಿ, ಡಬ್ಬಿಗೆಲ್ಲ ಕೇಳುವಂತೆ ಹೇಳಿದಳು:

"ಹೌದು, ಇವ್ಳೇ. ಫೇಲಾಗಿದ್ಳು. ಯಾರಿಗೂ ಗೊತ್ತಿರ್ಲಿಲ್ಲ, ತಾನೇ ಎದ್ದು ಹೇಳದ್ಳು."