ಹಸಿ ಗೋಣಿಚೀಲ

"ಕಣ್ಣ ಹಚ್ಚಿ ನೋಡ್ರಿ, ಸೋಮವ್ವಾರೇ," ಎಂದಳು ಪ್ರಯೋಗಶಾಲೆಯ ರಾಜೇಶ್ವರಿ.

ಸೋಮವ್ವ ಸೆರಗು ಬಿಗಿದುಕೊಂಡು ಕರಿ ಪೆಟ್ಟಿಗೆಯ ಕಿಂಡಿಗೆ ಕಣ್ಣು ಹಚ್ಚಿದಳು. ಒಳಗೆ ನೇರಳೆ ಬಣ್ಣದ ದೀಪ. ಅದರ ಕೆಳಗೆ ಅವಳೇ ಮುನವಳ್ಳಿಯಿಂದ ಗಂಟು ಕಟ್ಟಿಕೊಂಡು ತಂದ ಶೇಂಗಾಕಾಳು. ಬಿಸಿಲಲ್ಲಿ ಆರಿಸುವಾಗ ಒಂದಕ್ಕೂ ಕಲೆ ಇರಲಿಲ್ಲ. ಇಲ್ಲಿ ನೋಡಿದರೆ ನಾಲ್ಕೈದು ಕಾಳು ಬೆಕ್ಕಿನ ಕಣ್ಣಿನಂತೆ ಹಸಿರಾಗಿ ಹೊಳೆಯುತ್ತಿದ್ದವು.

"ಚಂದ ಅದಾವಲ್ರಿ," ಎಂದಳು.

"ಚಂದ ಅಲ್ರಿ, ಕಾಳಿಗೆ ಹಿಡಿಯೂ ಬೂಸರದ ವಿಷ ಇದ್ದಲ್ಲೆ ಹಿಂಗ ಹೊಳೀತೈತಿ. ಖಾತ್ರಿ ಮಾಡಾಕ ದೊಡ್ಡ ಪರೀಕ್ಷಾ ಬ್ಯಾರೇ ಮಾಡಬೇಕು, ಎಂಟ ದಿನಾ ಹಿಡೀತೈತಿ. ಆದ್ರ ನನಗ ಗುಮಾನಿ ಬಂದೈತಿ."

ವಿಶ್ವವಿದ್ಯಾಲಯದವರು ಬೈಲಹೊಂಗಲದಲ್ಲಿ ತೆರೆದಿದ್ದ ಆ ಪ್ರಯೋಗಶಾಲೆಗೆ ಬುಧವಾರ ರೈತರೂ ಬರಬಹುದು, ಮನೆಯಲ್ಲಿ ತಿನಿಸು ಮಾಡಿ ಮಾರುವವರೂ ಬರಬಹುದು. ಸೋಮವ್ವ ಬಂದದ್ದು ಒಂದು ಚೀಟಿಗಾಗಿ. ಅವಳ ಶೇಂಗಾ ಹಿಂಡಿಯನ್ನು, ಅಂದರೆ ಚಟ್ನಿಪುಡಿಯನ್ನು, ಮಾರಾಟಕ್ಕೆ ಇಟ್ಟುಕೊಳ್ಳಲು ಪೇಟೆಯ ಅಂಗಡಿಯವರು ಪರೀಕ್ಷೆಯ ಚೀಟಿ ಕೇಳಿದ್ದರು. ಹತ್ತು ನಿಮಿಷದ ಕೆಲಸ ಅಂದುಕೊಂಡು ಬಸ್ಸು ಹತ್ತಿದ್ದಳು.

"ಕಾಯಿ ಹ್ಯಾಂಗ ಸುಲೀತೀರಿ?" ಬರೆದುಕೊಳ್ಳುತ್ತ ಕೇಳಿದಳು ರಾಜೇಶ್ವರಿ.

ಇದನ್ನು ಕೇಳಿದ್ದಕ್ಕೆ ಸೋಮವ್ವನಿಗೆ ತುಸು ಧೈರ್ಯ ಬಂತು. "ನಮ್ಮತ್ತಿ ಕಲಿಸಿದ್ದರಿ. ಕಾಯಿಗೆ ನೀರ ಚಿಮುಕಿಸಿ, ಮ್ಯಾಲ ಹಸಿ ಗೋಣಿಚೀಲಾ ಹೊಚ್ಚಿ ಎರಡ ದಿನಾ ಬಿಡತೇವಿ. ಬೆರಳ ನೋಯೂದಿಲ್ಲ, ಕಾಳ ಒಡಿಯೂದಿಲ್ಲ. ನಮ್ಮಷ್ಟ ಇಡೀ ಕಾಳ ಓಣ್ಯಾಗ ಯಾರ ಮನ್ಯಾಗೂ ಬರೂದಿಲ್ಲ ನೋಡ್ರಿ."

ರಾಜೇಶ್ವರಿಯ ಪೆನ್ನು ನಿಂತಿತು. "ಬೂಸರಕ್ಕ ನೀವ ಹಾಸಿಗಿ ಹಾಸಿ ಕೊಟ್ಟಂಗ ಆತಲ್ರಿ! ಹೊರಗ ಕಾಣೂದಿಲ್ಲ ಅದು. ಹುರದ್ರೂ ಪೂರಾ ಹೋಗೂದಿಲ್ಲ. ತಿನ್ಕೋತ ಹ್ವಾದ್ರ ಲಿವರ್ ಕೆಡತೈತಿ."

"ಬಸುರಿ ತಿಂದ್ರ?"

ರಾಜೇಶ್ವರಿ ತಲೆಯೆತ್ತಿದಳು. "ಯಾರ ತಿಂದಾರ್ರಿ?"

ಸೋಮವ್ವನ ಮಗಳು ವಿಜಯ ಚೊಚ್ಚಿಲ ಬಸುರಿ, ಏಳು ತಿಂಗಳು. ತವರಿಗೆ ಬಂದು ಇಪ್ಪತ್ತು ದಿನ. ಮೂರು ಹೊತ್ತೂ ರೊಟ್ಟಿಗೆ ಹಿಂಡಿಯೇ ಬೇಕು ಅವಳಿಗೆ. ಬೇಡವೆಂದರೂ ಮತ್ತೊಂದು ಚಮಚ ಬಡಿಸಿದವಳು ತಾನೇ. ಫೋನು ತೆಗೆದಳು.

"ವಿಜೀ, ಏನ ಮಾಡಾಕ ಹತ್ತಿ?"

"ಉಣ್ಣಾಕ ಹತ್ತೇನಿ ಯವ್ವಾ. ನಿನ್ನ ಹಿಂಡಿಗೆ ಎಣ್ಣಿ ಕಲಿಸಿಕೊಂಡು..."

"ಉಗುಳ! ಬಾಯಾಗಿಂದು ಉಗುಳ! ಡಬ್ಬಿ ಒಯ್ದು ತಿಪ್ಪಿಗೆ ಚೆಲ್ಲು!"

"ಏನಾತಬೇ? ಹಲ್ಲಿ ಬಿದ್ದಿತ್ತೇನು?" ಮಗಳು ನಕ್ಕಳು.

ಹಲ್ಲಿ ಬಿದ್ದಿದ್ದರೆ ಕಣ್ಣಿಗೆ ಕಾಣುತ್ತಿತ್ತು. "ಹೇಳಿದಷ್ಟ ಮಾಡ, ಹುಚ್ಚಿ!" ಎಂದು ಸೋಮವ್ವ ಕಿರುಚಿದ್ದಕ್ಕೆ ಬೆಂಚಿನ ಮೇಲೆ ಕುಳಿತವರೆಲ್ಲ ತಿರುಗಿ ನೋಡಿದರು.

ರಾಜೇಶ್ವರಿ ನೀರು ಕೊಟ್ಟಳು. "ಎದಿ ಒಡಕೋಬ್ಯಾಡ್ರಿ. ತಿನ್ನೂದು ಬಿಡಸ್ರಿ, ಡಾಕ್ಟರಿಗೆ ಹೇಳ್ರಿ. ಹಿಂದಿನ ಖೋಲ್ಯಾಗ ನಮ್ಮ ಸುಲಿಯೂ ಮಷೀನ ಐತಿ, ಒಣಾ ಕಾಯೇ ಸುಲೀತೈತಿ. ಬುಧವಾರಕ್ಕೊಮ್ಮೆ ಚೀಲಾ ತರ್ರಿ, ಯಾರೂ ಬ್ಯಾಡ ಅನ್ನೂದಿಲ್ಲ."

"ಮಷೀನ ಇರಲ್ರಿ. ಕೂಸಿಗೆ ಏನೂ ಆಗಿಲ್ಲಂತ ಈ ಪೆಟಿಗಿ ಹೇಳತೈತೇನು?"

ರಾಜೇಶ್ವರಿ ಪೆನ್ನು ಕೆಳಗಿಟ್ಟು ಹೇಳಿದಳು: "ಅದನ್ನ ಇದು ಹೇಳೂದಿಲ್ರಿ."

ಕಾಳು ಬಳಿದುಕೊಳ್ಳಲು ಸೋಮವ್ವ ಪೆಟ್ಟಿಗೆಯೊಳಗೆ ಕೈ ಹಾಕಿದಳು. ದೀಪ ಇನ್ನೂ ಆರಿರಲಿಲ್ಲ. ಕಿಂಡಿಯಲ್ಲಿ ಅವಳದೇ ಬೆರಳು ಕಂಡವು. ಉಗುರಿನ ಸಂದಿಯಲ್ಲಿ ಹಸಿರು ಮಿಣುಕು. ಕಾಳನ್ನು ಅಲ್ಲಿಯೇ ಬಿಟ್ಟು ಕೈ ಹಿಂದಕ್ಕೆಳೆದುಕೊಂಡಳು.

"ಸಾಬೂನ ಹಚ್ಚಿ ತೊಳದ್ರ ಹೋಗತೈತ್ರಿ," ಎಂದಳು ರಾಜೇಶ್ವರಿ.

ಅಲ್ಲಿಯ ನಳದಲ್ಲಿ ಒಮ್ಮೆ ತೊಳೆದಳು. ಮುನವಳ್ಳಿಗೆ ಇಳಿದು ಮನೆ ಮುಟ್ಟಿದ ಕೂಡಲೇ ಮತ್ತೊಮ್ಮೆ ತೊಳೆದಳು. ಪಡಸಾಲೆಯ ಮೂಲೆಯಲ್ಲಿ ನಿನ್ನೆ ಹೊಚ್ಚಿದ ಗೋಣಿಚೀಲ ಇನ್ನೂ ಹಸಿಯಾಗಿಯೇ ಇತ್ತು. ಅದನ್ನು ಕಾಲಿನಿಂದಲೇ ಅಂಗಳಕ್ಕೆ ನೂಕಿದಳು.

"ಯವ್ವಾ, ಲಗೂನ ಬಾ," ಒಳಗಿಂದ ವಿಜಯ ಕರೆದಳು. "ಕೂಸು ಒದ್ಯಾಕ ಹತ್ತೈತಿ. ಇಲ್ಲೆ ಕೈ ಇಡ."

ಸೋಮವ್ವ ಓಡಿಹೋದಳು. ಚಾಚಿದ ಕೈ ಮಗಳ ಹೊಟ್ಟೆಗೆ ಗೇಣು ದೂರದಲ್ಲಿ ನಿಂತಿತು.

"ತಡಿ. ಕೈ ತೊಳಕೊಂಡ ಬರತೇನಿ."

"ಈಗರ ತೊಳಕೊಂಡ್ಯಲ್ಲಬೇ!"

ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕುಳಿತು ತೆಂಗಿನ ನಾರಿನಿಂದ ಒಂದೊಂದೇ ಉಗುರು ತಿಕ್ಕಿದಳು. ತಂಬಿಗೆ ನೀರು ಸುರಿದುಕೊಂಡಳು. ಬೆಳಕಿಂಡಿಯಿಂದ ಬೀಳುತ್ತಿದ್ದ ಬಿಸಿಲಿಗೆ ಕೈ ಹಿಡಿದು, ಹೊರಳಿಸಿ ನೋಡಿದಳು. ಏನೂ ಕಾಣಲಿಲ್ಲ. ಮತ್ತೆ ಸಾಬೂನು ಕೈಗೆತ್ತಿಕೊಂಡಳು.