ಚೀವರ ಬಿಡುವ ಹಿಂದಿನ ದಿನ

ಅನ್ನ ಇನ್ನೂ ಕುದಿಯುತ್ತಿತ್ತು. ರನ್‌ಮೆಣಿಕೆ ಗೋಡೆ ಗಡಿಯಾರ ನೋಡಿದಳು, ಹನ್ನೊಂದೂವರೆ. ಹನ್ನೆರಡು ದಾಟಿದರೆ ಭಿಕ್ಷುಗಳು ಒಂದಗುಳೂ ಮುಟ್ಟುವಂತಿಲ್ಲ. ಹೇಳಿಕಳಿಸದೆ ಬಂದ ಮಗ, ಸುಮೇಧ ಭಿಕ್ಷು, ಕಾವಿ ಚೀವರ ಹೊದ್ದು ಬಿಳಿ ಬಟ್ಟೆ ಹಾಸಿದ ಕುರ್ಚಿಯಲ್ಲಿ ಕೂತಿದ್ದರು. ಹೆತ್ತ ಮಗನಾದರೂ ಹದಿನೆಂಟು ವರ್ಷಗಳಿಂದ ಅವಳು ‘ತಾವು’ ಎಂದೇ ಕರೆಯುತ್ತಿದ್ದಳು.

“ಅಮ್ಮ, ಊಟ ಇರಲಿ. ನಾಳೆ ಚೀವರ ಬಿಡ್ತಿದೀನಿ, ಇನ್ನು ಭಿಕ್ಷು ಅಲ್ಲ. ಗುರುಗಳಿಗೆ ಹೇಳಾಯ್ತು.”

ತೆಂಗಿನಹಾಲು ಕದಡುತ್ತಿದ್ದ ಅವಳ ಕೈ ನಿಂತಿತು. “ಯಾವಳಾದ್ರೂ ಇದಾಳಾ?”

“ಯಾರೂ ಇಲ್ಲ. ನನ್ನನ್ನ ಯಾಕೆ ವಿಹಾರಕ್ಕೆ ಕೊಟ್ಟೆ, ಅಮ್ಮ?”

“ತಮಗೆ ಗೊತ್ತಲ್ಲ. ಮನೇಲಿದ್ರೆ ತಂದೆಗೆ ಕಂಟಕ ಅಂತ ಜಾತಕದಲ್ಲಿತ್ತು.”

“ನಾನು ಹೋದ್ಮೇಲೂ ಅಪ್ಪ ಬದುಕಿದ್ದು ಎರಡೇ ವರ್ಷ. ಹೆಣದ ಮುಂದೆ ಭಿಕ್ಷುಗಳ ಸಾಲಲ್ಲಿ ಕೂತು ಅನಿತ್ಯದ ಗಾಥೆ ಹೇಳ್ದೆ. ಹದಿಮೂರು ವಯಸ್ಸು ನಂಗೆ. ಅಳಬಾರದು ಅಂದ್ರು. ಅಷ್ಟರಲ್ಲಿ ನೀನು ಬಂದು ನನ್ನ ಕಾಲಿಗೆ ಬಿದ್ದೆ.”

ಅವಳು ಗಂಜಿ ಬಸಿಯುವಾಗ ಕೈಗೆ ಆವಿ ಹೊಡೆದರೂ ಗೊತ್ತಾಗಲಿಲ್ಲ.

“ಇಷ್ಟು ವರ್ಷ ಊರೆಲ್ಲ ನನ್ನನ್ನ ಹಾಮುದುರುಗಳ ತಾಯಿ, ಭಿಕ್ಷುವನ್ನ ಹೆತ್ತವಳು ಅಂತ ಕೈ ಮುಗೀತು. ಇನ್ನು ಆ ಜನರ ಮುಂದೆ ಹೇಗೆ ಓಡಾಡ್ಲಿ?”

ಹನ್ನೆರಡಕ್ಕೆ ಎಂಟು ನಿಮಿಷ ಇರುವಾಗ ತಟ್ಟೆ ಬಡಿಸಿದಳು. ಎರಡೂ ಕೈಯಲ್ಲಿ ಎತ್ತಿ ಅರ್ಪಿಸಿ, ಮಂಡಿಯೂರಿ ನಮಸ್ಕರಿಸಿದಳು.

“ನಮಸ್ಕಾರ ಬೇಡ, ಅಮ್ಮ.”

“ಇವತ್ತಿನ್ನೂ ಮೈಮೇಲೆ ಚೀವರ ಇದೆ. ಹೊತ್ತಾಗ್ತಿದೆ, ಸ್ವೀಕರಿಸಿ.”

ಅವರು ತಟ್ಟೆಗೆ ಕೈ ಹಾಕಲಿಲ್ಲ. ತಾಯಿ ಮಗ ಇಬ್ಬರೂ ಗಡಿಯಾರವನ್ನೇ ನೋಡುತ್ತ ಕೂತರು. ಬೀದಿಯಲ್ಲಿ ಯಾರೋ ಮೀನು ಮಾರುತ್ತ ಹೋದರು. ಹನ್ನೆರಡು ಹೊಡೆಯಿತು.

ಸುಮೇಧರು ತಟ್ಟೆ ಪಕ್ಕಕ್ಕಿಟ್ಟು ಎದ್ದರು. “ಬರ್ತೀನಿ. ನಾಳೆ ಈ ಕಡೆ ಬರಲ್ಲ, ಹೆದರ್ಬೇಡ. ಕುರುನೇಗಲ ಪೇಟೆಯಲ್ಲಿ ರೂಮು ನೋಡಿದೀನಿ.”

ಅವರು ಹೊಸ್ತಿಲವರೆಗೆ ಹೋಗಿದ್ದರು. ರನ್‌ಮೆಣಿಕೆ ಎದ್ದು ಅವರನ್ನು ದಾಟಿ ಹೋಗಿ ಬೀದಿ ಬಾಗಿಲು ಮುಚ್ಚಿ ಅಗುಳಿ ಹಾಕಿದಳು.

“ಕೂತ್ಕೋ,” ಎಂದಳು. “ಅನ್ನ ಆರೋಗುತ್ತೆ. ತಿನ್ನು, ಮಗಾ.”

ಅವನು ಅವಳ ಮುಖವನ್ನೇ ನೋಡಿದ. ಕುರ್ಚಿಯಲ್ಲಿ ಕೂರದೆ, ತಟ್ಟೆ ಎತ್ತಿಕೊಂಡು ಒಲೆಯ ಪಕ್ಕದ ಚಾಪೆಯ ಮೇಲೆ ಕೂತ. ಎರಡು ತುತ್ತು ತಿನ್ನುವಷ್ಟರಲ್ಲಿ ಭುಜ ಅಲುಗತೊಡಗಿತು. ಅವಳು ಸೌಟಿನಿಂದ ಬೇಳೆ ಸಾರನ್ನು ಅವನ ಅನ್ನದ ಮೇಲೆ ನಿಧಾನವಾಗಿ ಬಿಡುತ್ತ ಹೋದಳು.