ಮೂರು ಕಿಲೋ ಪೆಟ್ಟಿಗೆ

ಹೊಸ ನೈಲಾನಿನ ವಾಸನೆ, ಮಳೆಕೋಟಿನ ವಾಸನೆಗೆ ಹತ್ತಿರದ್ದು, ಪೆಟ್ಟಿಗೆಯ ಮುಚ್ಚಳ ತೆಗೆದಾಗಲೆಲ್ಲ ಮೂಗಿಗೆ ಹೊಡೆಯುತ್ತದೆ, ಜಯಪ್ರಿಯಾ ತೆಗೆದು ಮುಚ್ಚಿ ತೆಗೆದು ನೆಲದ ಮೇಲೇ ಕೂತಿದ್ದಾಳೆ, ಸಂಜೆ ಆರಕ್ಕೆ ಆಟೋ, ಮದ್ರಾಸಿನ ರೈಲು, ಅಲ್ಲಿಂದ ಕಾಶಿಯ ರೈಲು, ಸೋಮವಾರ ಅಲ್ಲಿಯ ರೇಷ್ಮೆ ಬಣ್ಣದ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಬೇಕು, ಕೆಮಿಸ್ಟ್ರಿ ಓದಿದ್ದು ಕೊನೆಗೂ ಯಾವುದಕ್ಕೋ ಆಯಿತು — ಅಷ್ಟರೊಳಗೆ ಒಂದು ಕೆಲಸ ಬಾಕಿ, ಬೆಳಿಗ್ಗೆ ಮಾವ ಹೇಳಿದ್ದು, ತೀರಿಹೋದ ಮಗ ನೇಯುತ್ತಿದ್ದ ಮಗ್ಗದ ಕಡೆ ನೋಡದೆ ಹೇಳಿದ್ದು, ನೀನಿರೋಗಂಟ ಅವನ ಅರ್ಧ ಪಂಚೇನ ಕತ್ತರಿಸಲ್ಲ ಅಂತಿದ್ದೆ, ನೀನು ಒಂಟೋದ್ಮೇಲೂ ನನ್ ಕೈಲಿ ಆಗಲ್ಲ, ನೀನೇ ಕತ್ತರಿಸಿ ಓಗಮ್ಮಾ, ಇಲ್ಲಾಂದ್ರೆ ಇರು. ಇರು ಅಂದಿದ್ದು ಬೈಗುಳದ ಹಾಗಿರಲಿಲ್ಲ, ಅದೇ ಕಷ್ಟ. ಎರಡು ಸೀರೆ ಇಟ್ಟಳು, ಟವೆಲ್ಲು, ಸರ್ಟಿಫಿಕೇಟುಗಳ ಫೈಲು ಚಪ್ಪಟೆಯಾಗಿ ತಳಕ್ಕೆ, ಚಪ್ಪಲಿ ಚಕ್ರದ ಕಡೆಗೆ, ಭಾರವೆಲ್ಲ ಚಕ್ರದ ಕಡೆಗಿರಬೇಕು ಎಂದು ಅಂಗಡಿಯವನು ಹೇಳಿದ್ದ, ಹಾಗಿದ್ದರೆ ಎಳೆಯುವವರಿಗೆ ಗೊತ್ತೇ ಆಗುವುದಿಲ್ಲವಂತೆ. ಅಂಗಡಿಯಲ್ಲಿ ಮಾವ ಈ ಪೆಟ್ಟಿಗೆಯನ್ನು ಎರಡು ಬೆರಳಲ್ಲಿ ಎತ್ತಿ ಮುಖ ಸಿಂಡರಿಸಿದ್ದರು, ಮಾವ ಚಿನ್ನರಾಜ್ ಅಂದರೆ ಸೇಲಂನ ಈ ಬೀದಿಯಲ್ಲಿ ನಲವತ್ತು ವರ್ಷ ಬಿಳಿ ರೇಷ್ಮೆ ಪಂಚೆ ನೇಯ್ದ ಕೈ, ನೇಯ್ದದ್ದನ್ನೆಲ್ಲ ಮೊದಲು ತಕ್ಕಡಿಗೆ ಹಾಕುವ ಜನ, ಎಳೆ ಕಡಿಮೆ ಹಾಕಿದರೆ ತೂಕವೇ ಹೇಳಿಬಿಡುತ್ತದೆ, ಆ ಕೈಗೆ ಹಗುರ ಅಂದರೆ ಮೋಸ — ಏನಪ್ಪಾ ಇದು, ಎಷ್ಟು ಕಿಲೋ? ಮೂರೇ ಕಿಲೋ ಐಯಾ, ಅದುದಾನ್, ಅದೇ ಸ್ಪೆಷಲ್. ಮೂರು ಕಿಲೋಗೆ ಇಷ್ಟು ಕೇಳ್ತೀಯಾ, ಅಗೋ ಆ ಮೂಲೇಲಿ ಕಬ್ಬಿಣದ ಅಂಚಿಂದು ಐತಲ್ಲ, ಹತ್ತು ಕಿಲೋ ಆದ್ರೂ ತೂಗ್ತದೆ, ಅದು ಕೊಡು. ಅಂಗಡಿಯವನು ನಕ್ಕುಬಿಟ್ಟ. ಅವಳು ನಗಲಿಲ್ಲ, ಹನ್ನೊಂದು ತಿಂಗಳಿಂದ ನಗು ಎಲ್ಲಿ ಶುರುವಾಗುತ್ತದೆ ಎಂಬುದೇ ಮರೆತುಹೋಗಿದೆ, ಸುಮ್ಮನೆ ಹಿಡಿಯನ್ನು ಹತ್ತು ಸಲ ಎಳೆದು ಒತ್ತಿದಳು, ಹೊಲಿಗೆಗೆ ಉಗುರು ಹಾಕಿ ನೋಡಿದಳು, ಅಂಗಡಿಯ ಮೆಟ್ಟಿಲ ಮೇಲೆ ಧಡಧಡ ಇಳಿಸಿ ಹತ್ತಿಸಿದಳು, ಚಕ್ರ ಅಲುಗಲಿಲ್ಲ, ಇದೇ ಸಾಕು ಮಾವ. ಸರಿ ಅಂದರು, ಆದರೆ ಎಳೆಯಲು ಬಿಡಲಿಲ್ಲ, ಹೊಸ ಚಕ್ರ ಕೊಳೆ ಆಗ್ತದೆ ಎಂದು ತಲೆ ಮೇಲೆ ಹೊತ್ತು ಮನೆ ತನಕ ನಡೆದರು, ನಲ್ಲಿಯ ಹತ್ತಿರ ಅದೇ ಬೀದಿಯ ಚೆಲ್ಲಮ್ಮ ಕೊಡ ಇಳಿಸಿ, ಆ ಕಾಲದಾಗೆ ಗಂಡ ಸತ್ತೋರನ್ನ ಕಾಶಿಗೆ ಕಳಿಸೋರು, ಇವಳು ಚಕ್ರ ಕಟ್ಕೊಂಡು ತಾನೇ ಒಂಟವಳೆ ನೋಡಡೀ ಅಂದಳು, ಎಲ್ಲರಿಗೂ ಕೇಳುವ ಹಾಗೆ, ಬಾಗಿಲಲ್ಲಿ ನಿಂತಿದ್ದ ಅತ್ತೆ ಈಶ್ವರಿ ಸೆರಗು ಸಿಕ್ಕಿಸಿಕೊಂಡು, ಹೌದಕ್ಕಾ, ಸಂಬಳಕ್ಕೆ ಓಯ್ತವಳೆ, ನಿನ್ ಮಗ ಜಗಲಿ ಮೇಲೆ ಸುಮ್ನೆ ಕುಂತವ್ನಲ್ಲಾ, ಅವನಿಗೂ ಒಂದು ಕೆಲ್ಸ ಐತಾ ಅಂತ ಕೇಳಿಸ್ಲಾ?

ಅದೇ ಅತ್ತೆ ಈಗ ಬಂದು ರಾಗಿ ಹಿಟ್ಟಿನ ಡಬ್ಬ ಇಟ್ಟರು, ಹುಣಿಸೆ ಗೊಜ್ಜು, ಆಮೇಲೆ ಕಲ್ಲಿನ ಕುಟ್ಟಾಣಿ, ಜಯಪ್ರಿಯಾ ಕುಟ್ಟಾಣಿ ತೆಗೆದಿಟ್ಟಳು, ಅತ್ತೆ ಮತ್ತೆ ಇಟ್ಟರು, ಅಲ್ಲಿ ಮೆಣಸು ಯಾವುದ್ರಾಗೆ ಕುಟ್ತೀಯೆ, ಇರ್ಲಿ ಬಿಡು — ಒಳಮನೆಯಲ್ಲಿ ಮಾವನ ಮಗ್ಗ ಧಡಕ್ ಧಡಕ್, ಪಕ್ಕದ ಮಗನ ಮಗ್ಗ ಸುಮ್ಮನೆ, ಆದರೂ ಪೂರ್ತಿ ಸುಮ್ಮನಲ್ಲ, ಆ ಏಟಿಗೆ ಇದರ ಬಿಳಿ ಎಳೆಗಳು ನಡುಗುತ್ತವೆ, ರಾತ್ರಿ ಹಗಲು ನೋಡಿದ್ದಾಳೆ, ನೇಯ್ದಷ್ಟು ಪಂಚೆ ಮುಂದಿನ ಮರದ ಉರುಳೆಗೆ ಸುತ್ತಿಕೊಂಡಿದೆ, ಆಮೇಲೆ ಒಂದು ಗೆರೆ, ಆಮೇಲೆ ಬರೀ ಎಳೆ. ಆ ಗೆರೆಗೆ ನಿಲ್ಲಿಸಿ ಅವಳ ಗಂಡ ಮೋಹನ್‌ರಾಜ್ ಊಟಕ್ಕೆದ್ದ, ಕೀರೆ ಸೊಪ್ಪಿನ ಸಾರಿಗೆ ಉಪ್ಪು ಕಮ್ಮಿ ಅಂದ, ಜರಿ ತರಲು ಮೊಪೆಡ್‌ನಲ್ಲಿ ಓಮಲೂರಿಗೆ ಹೋದ, ಲಾರಿ. ಬೇರೆ ಯಾರಾದರೂ ಕೂತು ಮುಗಿಸಬಹುದಿತ್ತು, ಆದರೆ ಒಬ್ಬೊಬ್ಬರ ಏಟು ಒಂದೊಂದು, ಕೈ ಬದಲಾದ ಜಾಗ ಬಿಸಿಲಿಗೆ ಹಿಡಿದರೆ ಕಾಣುತ್ತದೆ, ಸತ್ತವನ ನೇಯ್ಗೆಗೆ ಇನ್ನೊಂದು ಕೈ ಸೇರಿಸುವುದಿಲ್ಲ, ಮುಗಿಯದ್ದನ್ನು ಕತ್ತರಿಸುವುದೂ ಇಲ್ಲ, ಹಾಗಾಗಿ ಅದು ಇತ್ತು, ಅವಳೂ ಇದ್ದಳು.

ಸಂಜೆ ಐದಕ್ಕೆ ನೆಲದಿಂದ ಎದ್ದಳು. ಅವನ ಮಗ್ಗದ ಗುಂಡಿಯೊಳಗೆ ಕಾಲಿಟ್ಟಳು, ಮಣ್ಣು ತಣ್ಣಗಿದೆ, ತುಳಿಯುವ ಹಲಗೆಯ ಮೇಲೆ ಅವನ ಹಿಮ್ಮಡಿ ಸವೆಸಿದ ತಗ್ಗು, ಅವಳ ಹಿಮ್ಮಡಿಗೆ ಅದು ದೊಡ್ಡದು, ಚೌಕಟ್ಟಿಗೆ ಸಿಕ್ಕಿಸಿದ ಅರ್ಧ ಬ್ಲೇಡು ತುಕ್ಕು ಹಿಡಿದಿದೆ, ಮಾವನ ಮಗ್ಗ ನಿಂತಿತು, ಮಾವ ತಿರುಗಲಿಲ್ಲ. ಗೆರೆ ಅತ್ರ ಕತ್ತರಿಸಿದ್ರೆ ಬಿಚ್ಕೊಳ್ತದೆ, ನಾಲ್ಕು ಬೆರಳು ಎಳೆ ಬಿಡಮ್ಮಾ — ಗೋಡೆಗೆ ಹೇಳಿದ ಹಾಗೆ ಹೇಳಿದರು. ನಾಲ್ಕು ಬೆರಳು ಬಿಟ್ಟಳು, ಬ್ಲೇಡು ಇಟ್ಟಳು, ಬಿಗಿದ ರೇಷ್ಮೆ ಕತ್ತರಿಸುವಾಗ ಶಬ್ದವಾಗುತ್ತದೆ, ಟಿಕ್ ಟಿಕ್ ಟಿಕ್, ಸಣ್ಣದು, ಇಷ್ಟು ಸಣ್ಣದೆಂದು ಯಾರೂ ಹೇಳಿರಲಿಲ್ಲ, ಒಂದು ಅಂಚಿನಿಂದ ಇನ್ನೊಂದು ಅಂಚಿಗೆ, ಮುಗಿಯಿತು. ಮಾವ ಬಂದು ಬಟ್ಟೆಯನ್ನು ಮೊಳ ಹಾಕಿದರು, ಎರಡು ಮೊಳ ಕಮ್ಮಿ ಐತೆ ಅಷ್ಟೇ ಅಂದರು, ನೇಕಾರರ ಮಡಿಕೆಯಲ್ಲಿ ಮಡಿಸಿದರು, ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡಿದಿದ್ದು ಅವಳಿಗೆ ಕೊಟ್ಟರು, ನಿನ್ ಅತ್ರ ಇರ್ಲಿ, ಓಗಿ ಬಾ. ಅತ್ತೆ ಕುಟ್ಟಾಣಿಯನ್ನು ತಾವೇ ಹೊರಗೆ ತೆಗೆದು ಜಾಗ ಮಾಡಿದರು. ಆ ಜಾಗದಲ್ಲಿ ಪಂಚೆ ಇಟ್ಟು ಜಿಪ್ಪು ಎಳೆದಳು, ಸುತ್ತ ಬಂದು ಮೂಲೆಗೆ ನಿಂತಿತು, ಹಲ್ಲುಗಳ ಸಂದಿನಿಂದ ಎರಡು ಬಿಳಿ ಎಳೆ, ಬೆರಳಿಂದ ಒಳಗೆ ತಳ್ಳಿದಳು, ಬೀದಿಯಲ್ಲಿ ಆಟೋ, ಎಳೆ ಮತ್ತೆ ಹೊರಗೆ, ಅತ್ತೆ ಟಿಕೆಟ್ ತಗೊಂಡ್ಯಾ ಎನ್ನುತ್ತಿದ್ದಾರೆ, ತಳ್ಳಿದಳು, ಬ್ಲೇಡು ಕೈಯಲ್ಲೇ ಇದೆ, ಇಲ್ಲ, ಇವನ್ನು ಕತ್ತರಿಸುವುದಿಲ್ಲ, ಹಿಡಿ ಎತ್ತಿದಳು, ಪೆಟ್ಟಿಗೆ ಅಲುಗಿತು, ಎರಡು ಎಳೆ ನಡುಗಿದವು, ಮಗ್ಗದ ಮೇಲಿದ್ದಾಗಿನ ಹಾಗೇ, ಬಿಳಿ, ಎರಡು —